ಅಹಮದಾಬಾದಿಗೆ ಎರಡು ದಿನ: ದಂಪತಿಗಳಿಗೊಂದು ಯೋಜನೆ

ಪ್ರವಾಸ ಎಂದೊಡನೆ ಮುಂಬಯಿಯ ನಮ್ಮವರ ಬಾಯಲ್ಲಿ ಬರುವುದು ಮೂರೇ ಹೆಸರು: ಲೋಣಾವಳ, ಮಹಾಬಳೇಶ್ವರ, ಇಲ್ಲವೆ ಊರು. ಲೋಣಾವಳದಲ್ಲಿ ಶನಿವಾರ-ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ಊರಿಗೆ ಹೋದರೆ ಅದು ಪ್ರವಾಸವೇ ಅಲ್ಲ, ಬಂಧುಗಳ ಮುಂದೆ ಹಾಜರಿ ಹಾಕುವ ಕೆಲಸ. ಹೊಸದಾಗಿ ಮದುವೆಯಾದ ಗಂಡ-ಹೆಂಡತಿ ಅಲ್ಲಿ ಹತ್ತು ದಿನ ಇದ್ದರೂ ಹತ್ತು ನಿಮಿಷ ಒಟ್ಟಿಗೆ ಕೂತು ಮಾತಾಡಿರುವುದಿಲ್ಲ. ಹಾಗಾದರೆ ಎರಡೇ ದಿನ ರಜೆ, ಕೈಯಲ್ಲಿ ಮಿತವಾದ ಹಣ, ಇಬ್ಬರೇ ಹೋಗಬೇಕು ಎಂದಾದರೆ ಎಲ್ಲಿಗೆ ಹೋಗುವುದು? ನನ್ನ ಉತ್ತರ ಅಹಮದಾಬಾದು. ಕೇಳಿದವರು ನಗುತ್ತಾರೆ. "ಅಲ್ಲೇನಿದೆ ಮಾರಾಯ, ಮಿಲ್ಲು ಮತ್ತು ಧೂಳು" ಅಂತಾರೆ. ಅಲ್ಲೇನಿದೆ ಎಂಬುದನ್ನೇ ಈ ಲೇಖನದಲ್ಲಿ ಹೇಳಹೊರಟಿದ್ದೇನೆ.

ಮದುವೆಯಾಗದ ಇಪ್ಪತ್ತರ ಹುಡುಗ ದಂಪತಿಗಳ ಪ್ರವಾಸದ ಬಗ್ಗೆ ಬರೆಯೋದೇನು ಎಂದು ವೃಂದದ ಮಿತ್ರರು ಚೇಷ್ಟೆ ಮಾಡಬಾರದು. ಕಾಲೇಜಿನ ಟೂರಿನಲ್ಲಿ ಮೂರು ದಿನ ಆ ಊರಲ್ಲಿ ಇದ್ದು ಬಂದವನು ನಾನು. ಕಳೆದ ಚಳಿಗಾಲದಲ್ಲಿ ಅಕ್ಕ-ಭಾವ ಹೊರಟಾಗ ಟಿಕೆಟು, ರೂಮು, ದಿನದ ಲೆಕ್ಕ ಎಲ್ಲ ಹೊಂದಿಸಿಕೊಟ್ಟವನೂ ನಾನೇ. ಅವರ ಮನೆ ಒಂದೇ ಕೋಣೆಯದು. ಅದರಲ್ಲಿ ಅತ್ತೆ, ಮಾವ, ಓದುವ ಮೈದುನ, ಇವರಿಬ್ಬರು. ಮನೆಯ ವಿಷಯ ಏನಾದರೂ ಮಾತಾಡಬೇಕಾದರೆ ಇಬ್ಬರೂ ಮರೀನ್ ಡ್ರೈವಿನ ಕಟ್ಟೆಗೆ ಹೋಗಬೇಕು. ಇಂಥ ಮನೆಗಳು ಈ ನಗರದಲ್ಲಿ ಸಾವಿರಾರು. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಎರಡು ದಿನ ಸಿಗುವುದು ಇವರಿಗೆ ಶೋಕಿ ಅಲ್ಲ, ಅಗತ್ಯ. ಅದನ್ನು ಒಪ್ಪಿಕೊಂಡು ಮುಂದೆ ಓದಿ.

ಆ ಊರು ಏನಾಗಿತ್ತು?

ಅಹಮದಾಬಾದನ್ನು ಸುಲ್ತಾನ ಅಹಮದ್ ಷಾ 1411ರಲ್ಲಿ ಸಾಬರಮತಿ ನದಿಯ ದಂಡೆಯ ಮೇಲೆ ಕಟ್ಟಿಸಿದ. ನೇಯ್ಗೆ, ಬಣ್ಣ, ವ್ಯಾಪಾರ ಮೊದಲಿನಿಂದಲೂ ಇತ್ತು. ಆದರೆ ಯಂತ್ರಯುಗ ಬಂದದ್ದು 1861ರಲ್ಲಿ. ರಣಛೋಡಲಾಲ್ ಛೋಟಾಲಾಲ್ ಎಂಬುವರು ಆ ವರ್ಷ ಮೊದಲ ಬಟ್ಟೆ ಮಿಲ್ಲು ಶುರು ಮಾಡಿದರು. ಆಗ ಊರಿಗೆ ರೈಲೂ ಇರಲಿಲ್ಲ. ಅದು ಬಂದದ್ದು 1864ರಲ್ಲಿ. ಇಂಗ್ಲೆಂಡಿನ ಯಂತ್ರಗಳು ಹಡಗಿನಲ್ಲಿ ಖಂಭಾತಿಗೆ ಬಂದು ಅಲ್ಲಿಂದ ಎತ್ತಿನ ಗಾಡಿಯ ಮೇಲೆ ಊರು ಸೇರಿದವು. ಮುಂದೆ ಮಿಲ್ಲುಗಳ ಸಂಖ್ಯೆ ಅರವತ್ತನ್ನು ದಾಟಿತು. ನಮ್ಮ ದಾವಣಗೆರೆಗೆ "ಕರ್ನಾಟಕದ ಮ್ಯಾಂಚೆಸ್ಟರ್" ಎಂಬ ಹೆಸರು ಬಂದಂತೆ ಇದಕ್ಕೆ "ಭಾರತದ ಮ್ಯಾಂಚೆಸ್ಟರ್" ಎಂಬ ಹೆಸರು ಬಂತು. ಬೆಳಗ್ಗೆ ಭೋಂಗಾ ಕೂಗಿದರೆ ಪೂರ್ವ ಭಾಗದ ಗೋಮತಿಪುರ, ರಖಿಯಾಲ್, ಸರಸಪುರಗಳ ಚಾಳಿಗಳಿಂದ ಜನ ಹೊರಡುತ್ತಿದ್ದರು. ನಮ್ಮ ಲಾಲ್‌ಬಾಗ್-ಪರೇಲಿನ ಹಾಗೆಯೇ.

ಈ ಊರಿನ ಮಿಲ್ಲುಗಳ ಚರಿತ್ರೆಯಲ್ಲಿ 1918 ಮುಖ್ಯವಾದ ವರ್ಷ. ಪ್ಲೇಗಿನ ಕಾಲದಲ್ಲಿ ಕಾರ್ಮಿಕರು ಊರು ಬಿಟ್ಟು ಓಡಬಾರದೆಂದು ಮಾಲೀಕರು ಬೋನಸ್ ಕೊಡುತ್ತಿದ್ದರು. ಪ್ಲೇಗು ತಗ್ಗಿದಾಗ ಅದನ್ನು ನಿಲ್ಲಿಸಿದರು. ಬೆಲೆಗಳು ಮಾತ್ರ ಏರಿಯೇ ಇದ್ದವು. ಕಾರ್ಮಿಕರು ನೂರಕ್ಕೆ 35ರಷ್ಟು ಹೆಚ್ಚಳ ಕೇಳಿದರು, ಮಾಲೀಕರು 20 ಎಂದರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಕಡೆ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ ಸಾರಾಭಾಯಿ! ಗಾಂಧೀಜಿ ಕಾರ್ಮಿಕರ ಪರವಾಗಿ ಮಾರ್ಚ್ ತಿಂಗಳಲ್ಲಿ ಉಪವಾಸ ಕೂತರು, ಮೂರನೆಯ ದಿನ ರಾಜಿಯಾಯಿತು. ಅಕ್ಕ-ತಮ್ಮನ ಪ್ರೀತಿ ಕೆಡಲಿಲ್ಲ, ಹಟವನ್ನೂ ಇಬ್ಬರೂ ಬಿಡಲಿಲ್ಲ. 1920ರಲ್ಲಿ ಮಜೂರ್ ಮಹಾಜನ್ ಎಂಬ ಕಾರ್ಮಿಕ ಸಂಘ ಹುಟ್ಟಿತು. ಇದೇ ಸಂಘದ ಮಹಿಳಾ ವಿಭಾಗದಿಂದ ಮುಂದೆ 1972ರಲ್ಲಿ ಇಳಾ ಭಟ್ಟರ "ಸೇವಾ" ಸಂಸ್ಥೆ ಬಂತು. ತಲೆಹೊರೆ ಹೊರುವವರು, ಚಿಂದಿ ಹೊಲಿಯುವವರು, ತರಕಾರಿ ಮಾರುವವರು ಸೇರಿ 1974ರಲ್ಲಿ ತಮ್ಮದೇ ಬ್ಯಾಂಕು ಮಾಡಿಕೊಂಡರು. ವಾಣಿಜ್ಯ ಓದುವ ನಮಗೆ ಇದು ಪಠ್ಯಪುಸ್ತಕದಲ್ಲಿ ಒಂದು ಸಾಲು. ಆದರೆ ಆ ಊರಿನ ಬೀದಿಯಲ್ಲಿ ನಿಂತು ನೋಡಿದರೆ ಆ ಸಾಲಿನ ತೂಕ ತಿಳಿಯುತ್ತದೆ.

ಹೇಗೆ ಬಿತ್ತು, ಹೇಗೆ ಎದ್ದಿತು?

1980ರ ಸುಮಾರಿಗೆ ಮಿಲ್ಲುಗಳು ಒಂದೊಂದಾಗಿ ನಿಲ್ಲತೊಡಗಿದವು. ಕಾರಣ ಒಂದೇ ಅಲ್ಲ. ಸೂರತ್, ಭಿವಂಡಿಗಳ ಪವರ್‌ಲೂಮುಗಳು ಕಡಿಮೆ ಕೂಲಿಗೆ, ಕಡಿಮೆ ತೆರಿಗೆಗೆ ಬಟ್ಟೆ ನೇಯುತ್ತಿದ್ದವು. ಜನ ಹತ್ತಿ ಬಿಟ್ಟು ಪಾಲಿಯೆಸ್ಟರ್ ಉಡತೊಡಗಿದರು. ಮಾಲೀಕರು ಬಂದ ಲಾಭವನ್ನು ಹಳೆಯ ಯಂತ್ರ ಬದಲಿಸಲು ಹಾಕದೆ ಬೇರೆ ಉದ್ಯಮಗಳಿಗೆ ಸಾಗಿಸಿದರು. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಸವಕಳಿಯನ್ನು ಪುಸ್ತಕದಲ್ಲಿ ಬರೆದರು, ಯಂತ್ರ ಮಾತ್ರ ಅದೇ ಉಳಿಯಿತು. ಮುಂದಿನ ಇಪ್ಪತ್ತು ವರ್ಷದಲ್ಲಿ ಲಕ್ಷಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಹಲವರಿಗೆ ಬರಬೇಕಾದ ಬಾಕಿಯೂ ಸರಿಯಾಗಿ ಬರಲಿಲ್ಲ. ನೇಕಾರ ರಿಕ್ಷಾ ಓಡಿಸಿದ, ಅವನ ಹೆಂಡತಿ ಮನೆಯಲ್ಲಿ ಕೂತು ಗಾಳಿಪಟ, ಅಗರಬತ್ತಿ ಮಾಡಿದಳು.

ಇದು ನಮಗೆ ಗೊತ್ತಿಲ್ಲದ ಕಥೆಯಲ್ಲ. ಮುಂಬಯಿಯಲ್ಲಿ 1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ನನ್ನ ಅಜ್ಜನೂ ಇದ್ದರು. ಲಾಲ್‌ಬಾಗಿನ ಮಿಲ್ಲಿನಲ್ಲಿ ಸಾಂಚೆ ನಡೆಸುತ್ತಿದ್ದವರು ಆಮೇಲೆ ಉಡುಪಿ ಹೋಟೆಲೊಂದರ ಗಲ್ಲೆಯ ಹತ್ತಿರ ಬೀಡಾ ಕಟ್ಟುತ್ತಾ ಕೂತರು. ಇಲ್ಲಿ ಮಿಲ್ಲಿನ ಜಾಗದಲ್ಲಿ ಮಾಲು, ಗಗನಚುಂಬಿಗಳು ಬಂದವು. ಫೀನಿಕ್ಸ್ ಮಿಲ್ಲಿನ ಹೆಸರು ಈಗ ಬಜಾರಿನ ಹೆಸರು. ಅಹಮದಾಬಾದಿನಲ್ಲೂ ಮಾಲು ಬಂದವು, ಸುಳ್ಳಲ್ಲ. ಆದರೆ ಆ ಊರು ಬೇರೆ ಕೆಲವು ದಾರಿಯಲ್ಲೂ ಎದ್ದಿತು.

ಮೊದಲನೆಯದು, ಮಿಲ್ಲಿನ ಹಣದಿಂದ ಕಟ್ಟಿದ ವಿದ್ಯಾಸಂಸ್ಥೆಗಳು. ಸಾರಾಭಾಯಿ, ಲಾಲ್‌ಭಾಯಿ ಮನೆತನದವರು ಮಿಲ್ಲು ಚೆನ್ನಾಗಿ ನಡೆಯುತ್ತಿದ್ದಾಗಲೇ ಸಂಶೋಧನೆಗೆ, ಕಾಲೇಜುಗಳಿಗೆ ಕೈಜೋಡಿಸಿದ್ದರು. 1961ರಲ್ಲಿ ಐ.ಐ.ಎಂ. ಬಂತು, ಅದೇ ವರ್ಷ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯೂ ಬಂತು. ಮಿಲ್ಲು ಮುಚ್ಚಿದರೂ ಇವು ಮುಚ್ಚಲಿಲ್ಲ. ಎರಡನೆಯದು, ಬದಲಾದ ಉದ್ಯಮ. 1931ರ ಅರವಿಂದ ಮಿಲ್ಲು ಜೀನ್ಸಿನ ಡೆನಿಮ್ ಬಟ್ಟೆಗೆ ತಿರುಗಿ ಬದುಕಿತು. ಔಷಧಿ, ರಾಸಾಯನಿಕಗಳು ಬೆಳೆದವು. ಮೂರನೆಯದು, ಊರಿನ ಕಟ್ಟಡ. ವರ್ಷದ ಬಹುಪಾಲು ಮರಳೇ ಕಾಣುತ್ತಿದ್ದ ಸಾಬರಮತಿಗೆ ನರ್ಮದೆಯ ಕಾಲುವೆ ನೀರು ಬಿಟ್ಟು, ಎರಡೂ ದಂಡೆಯಲ್ಲಿ ಸುಮಾರು 11 ಕಿಲೋಮೀಟರು ನಡೆಯುವ ದಾರಿ ಕಟ್ಟಿದರು. 2012ರಿಂದ ಅದು ಜನರಿಗೆ ತೆರೆದಿದೆ. 2017ರಲ್ಲಿ ಯುನೆಸ್ಕೊ ಕೋಟೆಯೊಳಗಿನ ಹಳೆಯ ಊರನ್ನು ವಿಶ್ವ ಪರಂಪರೆಯ ನಗರ ಎಂದು ಘೋಷಿಸಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ ಅದು.

ಜಮಾ ಬರೆದ ಮೇಲೆ ಖರ್ಚನ್ನೂ ಬರೆಯಬೇಕಲ್ಲ. ನದಿ ದಂಡೆಯ ಗುಡಿಸಲುಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿ ಊರಾಚೆ ಬೇರೆಬೇರೆ ಕಡೆ ಮನೆ ಕೊಟ್ಟರು. ಅದಕ್ಕೂ ಕೋರ್ಟು ಹತ್ತಬೇಕಾಯಿತು. ಕೆಲಸ ಈ ಕಡೆ, ಮನೆ ಆ ಕಡೆ ಎಂದು ಒದ್ದಾಡಿದವರು ಬಹಳ. ಪಶ್ಚಿಮ ದಂಡೆ ಹೊಳೆಯುವಷ್ಟು ಪೂರ್ವದ ಮಿಲ್ಲು ಪ್ರದೇಶ ಇಂದಿಗೂ ಹೊಳೆಯುತ್ತಿಲ್ಲ. "ಪುನರುಜ್ಜೀವನ" ಎಂಬ ದೊಡ್ಡ ಮಾತನ್ನು ಓದುವಾಗ ಯಾರ ಪುನರುಜ್ಜೀವನ ಎಂದು ಕೇಳಿಕೊಂಡು ಓದಬೇಕು. ನೋಡಲು ಹೋಗುವವರಿಗೆ ಇದು ತಿಳಿದಿದ್ದರೆ ಆ ದಂಡೆಯ ಮೇಲೆ ನಡೆಯುವ ರೀತಿಯೇ ಬೇರೆಯಾಗುತ್ತದೆ.

ಹೊರಡುವ ಮೊದಲು

ಕಾಲ: ಡಿಸೆಂಬರಿನಿಂದ ಫೆಬ್ರವರಿ. ಏಪ್ರಿಲ್-ಮೇಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಪ್ರೀತಿ ಎಷ್ಟಿದ್ದರೂ ಜಗಳವೇ ಆಗೋದು. ಜನವರಿ 14ರ ಉತ್ತರಾಯಣಕ್ಕೆ ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತದೆ. ನೋಡಲು ಚಂದ, ಆದರೆ ರೂಮಿನ ಬಾಡಿಗೆಯೂ ಗಾಳಿಪಟದ ಜೊತೆ ಏರುತ್ತದೆ.

ರೈಲು: ಮುಂಬಯಿಯಿಂದ ಸುಮಾರು 490 ಕಿಲೋಮೀಟರು. ಶುಕ್ರವಾರ ರಾತ್ರಿ ಗುಜರಾತ್ ಮೇಲ್ ಹತ್ತಿದರೆ ಬೆಳಗ್ಗೆ ಅಹಮದಾಬಾದು. ಭಾನುವಾರ ರಾತ್ರಿ ಅದೇ ಹೆಸರಿನ ಗಾಡಿ ಹಿಡಿದರೆ ಸೋಮವಾರ ಬೆಳಗ್ಗೆ ಮುಂಬಯಿ, ಸ್ನಾನ ಮಾಡಿ ನೇರ ಆಫೀಸು. ಎರಡು ರಾತ್ರಿ ರೈಲಿನಲ್ಲೇ ಕಳೆಯುವುದರಿಂದ ರೂಮಿನ ಬಾಡಿಗೆ ಒಂದೇ ರಾತ್ರಿಯದು. ಉಳಿತಾಯದ ಗುಟ್ಟು ಇಲ್ಲಿದೆ. ಈಗ 60 ದಿನ ಮೊದಲು ಬುಕಿಂಗು ತೆರೆಯುತ್ತದೆ, ವಾರಾಂತ್ಯದ ಟಿಕೆಟು ಬೇಗ ಮುಗಿಯುತ್ತದೆ. ಆರ್.ಎ.ಸಿ. ಬಂದರೆ ಇಬ್ಬರಿಗೆ ಒಂದೇ ಪಕ್ಕದ ಸೀಟು. ಹೊಸ ಜೋಡಿಗೆ ಅದು ದೊಡ್ಡ ಶಿಕ್ಷೆಯೇನಲ್ಲ. ಗಾಡಿ ಯಾವ ಸ್ಟೇಷನ್ನಿನಿಂದ ಹೊರಡುತ್ತದೆ, ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಟಿಕೆಟಿನ ಮೇಲೆ ಎರಡು ಸಲ ಓದಿ. ಕಾಲುಪುರದ ಮುಖ್ಯ ಸ್ಟೇಷನ್ನಲ್ಲದೆ ಆ ಊರಲ್ಲಿ ಸಾಬರಮತಿ, ಮಣಿನಗರ ಮೊದಲಾದ ಸ್ಟೇಷನ್ನುಗಳೂ ಇವೆ.

ರೂಮು: ಬೆಳಗ್ಗೆ ಆರು-ಏಳಕ್ಕೆ ತಲುಪುವ ನಿಮಗೆ ಮಧ್ಯಾಹ್ನ ಹನ್ನೆರಡಕ್ಕೆ ಕೋಣೆ ಕೊಡುತ್ತೇವೆ ಎಂದರೆ ಅರ್ಧ ದಿನ ಹೋಯಿತು. ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ ಹಿಡಿಯುವ ಲಾಡ್ಜೇ ಎಂದು ಫೋನಿನಲ್ಲಿ ಕೇಳಿ. ಗುರುತಿನ ಚೀಟಿ ಇಬ್ಬರದೂ ಬೇಕು. ಹೊಸದಾಗಿ ಮದುವೆಯಾದವಳ ಆಧಾರಿನಲ್ಲಿ ತವರಿನ ಹೆಸರು, ತವರಿನ ವಿಳಾಸವೇ ಇರುತ್ತದೆ. ಕೌಂಟರಿನವನು ಹುಬ್ಬೇರಿಸಿದರೆ ಅಕ್ಕಂದಿರು ತಲೆ ತಗ್ಗಿಸುತ್ತಾರೆ. ತಗ್ಗಿಸಬೇಕಾಗಿಲ್ಲ. ಲಗ್ನಪತ್ರಿಕೆಯದೋ ಮದುವೆ ಸರ್ಟಿಫಿಕೇಟಿನದೋ ಒಂದು ಫೋಟೋ ಮೊಬೈಲಿನಲ್ಲಿಟ್ಟುಕೊಂಡರೆ ಸಾಕು.

ಇನ್ನೊಂದು ಮಾತು. ಗುಜರಾತಿನಲ್ಲಿ ಪಾನನಿಷೇಧವಿದೆ. ಭಾವಂದಿರು ಚೀಲದಲ್ಲಿ ಏನೂ ಇಟ್ಟುಕೊಳ್ಳಬಾರದು.

ಶನಿವಾರ

ಬೆಳಗ್ಗೆ ಏನೂ ನೋಡಬೇಡಿ. ಚಹಾ ಕುಡಿದು ಮಲಗಿ. ಇದನ್ನು ನಾನು ಟೈಂಟೇಬಲಿನಲ್ಲಿ ಬರೆದುಕೊಟ್ಟಾಗ ಅಕ್ಕ ನಕ್ಕಳು, ಆದರೆ ಬಂದ ಮೇಲೆ ಅವಳು ಮೊದಲು ಹೇಳಿದ್ದು ಅದೇ: "ಮದುವೆಯಾದ ಮೇಲೆ ಎಂಟು ಗಂಟೆಯವರೆಗೆ ಮಲಗಿದ್ದು ಅಂದೇ." ಇಂಥ ಪ್ರವಾಸದಲ್ಲಿ ಹತ್ತು ಜಾಗ ನೋಡಿ ಹನ್ನೊಂದನೆಯದಕ್ಕೆ ಓಡುವವರು ಜೋಡಿಯಾಗಿ ಹೋದದ್ದಲ್ಲ, ಕಂಡಕ್ಟೆಡ್ ಟೂರಿಗೆ ಹೋದದ್ದು.

ಬಟ್ಟೆಯಲ್ಲಿ ಆಸಕ್ತಿಯಿದ್ದವರಿಗೆ ಮಾತ್ರ ಒಂದು ವಿನಾಯಿತಿ. ಶಾಹಿಬಾಗಿನಲ್ಲಿ ಕ್ಯಾಲಿಕೋ ವಸ್ತ್ರ ಸಂಗ್ರಹಾಲಯವಿದೆ. ಸಾರಾಭಾಯಿ ಕುಟುಂಬದವರು 1949ರಲ್ಲಿ ಆರಂಭಿಸಿದ್ದು. ಪಟೋಲಾ, ಕಲಂಕಾರಿ, ಕಾಶ್ಮೀರದ ಶಾಲು, ರಾಜರ ಡೇರೆಗಳು ಎಲ್ಲ ಅಲ್ಲಿವೆ. ಕ್ಯಾಲಿಕೋ ಮಿಲ್ಲು ಹೋಯಿತು, ಮ್ಯೂಸಿಯಮ್ಮು ಉಳಿಯಿತು. ದಿನಕ್ಕೆ ಕೆಲವರನ್ನಷ್ಟೇ ಬಿಡುವುದರಿಂದ ಬಹಳ ಮೊದಲೇ ಹೆಸರು ಬರೆಸಬೇಕು.

ಮಧ್ಯಾಹ್ನದ ನಂತರ ಲಾಲ್ ದರ್ವಾಜಾ ಕಡೆ ನಡೆಯಿರಿ. ಸಿದ್ದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲಂಧ್ರ ಅಲ್ಲಿದೆ. 1573ರ ಸುಮಾರಿಗೆ ಮುಗಿದ ಕೆಲಸ. ಕಲ್ಲನ್ನು ಕಸೂತಿಯ ಹಾಗೆ ಕೊರೆದು ಮರ, ಬಳ್ಳಿ ತೆಗೆದಿದ್ದಾರೆ. ಐ.ಐ.ಎಂ.ನ ಲಾಂಛನ ಬಂದದ್ದು ಇದರಿಂದಲೇ. ಸಂಜೆ ಬಿಸಿಲು ಅದರ ಹಿಂದಿನಿಂದ ಬಂದಾಗ ನೋಡಬೇಕು. ಅಲ್ಲೇ ಎದುರಿಗೆ ಮಿಲ್ ಮಾಲೀಕ ಮಂಗಳದಾಸ್ ಗಿರಿಧರದಾಸರ 1924ರ ಬಂಗಲೆ ಈಗ ಹೋಟೆಲು. ಉಳಿದುಕೊಳ್ಳುವುದು ನಮ್ಮಂಥವರಿಗೆ ಆಗದ ಮಾತು, ಹೊರಗಿನಿಂದ ನೋಡಲು ದುಡ್ಡು ಬೇಡ. ಹತ್ತಿರದಲ್ಲೇ ಲಕ್ಕಿ ಎಂಬ ಚಹಾದ ಅಂಗಡಿ. ಅದರೊಳಗೆ ಮೇಜುಗಳ ನಡುವೆ ಹಳೆಯ ಗೋರಿಗಳಿವೆ! ಗೋಡೆಯ ಮೇಲೆ ಎಂ.ಎಫ್. ಹುಸೇನರ ಚಿತ್ರವಿದೆ. ಬನ್-ಮಸ್ಕಾ ತಿನ್ನುತ್ತಾ ಗೋರಿಯ ಪಕ್ಕ ಕೂತಾಗ ಅತ್ತೆ-ನಾದಿನಿಯರ ಮಾತೆಲ್ಲ ಸಣ್ಣದಾಗಿ ಕಾಣುತ್ತದೆ ಎಂದು ಭಾವನ ಅಭಿಪ್ರಾಯ.

ಸಂಜೆ ನದಿ ದಂಡೆ. 1892ರ ಉಕ್ಕಿನ ಎಲ್ಲಿಸ್ ಸೇತುವೆ ಮತ್ತು ಸರ್ದಾರ್ ಸೇತುವೆಯ ನಡುವೆ, ನಡೆಯುವವರಿಗಾಗಿಯೇ 2022ರಲ್ಲಿ ಅಟಲ್ ಸೇತುವೆ ತೆರೆದಿದ್ದಾರೆ. ಉದ್ದ ಸುಮಾರು 300 ಮೀಟರು. ಶನಿವಾರ ಅಲ್ಲಿ ಜನ ಜಾಸ್ತಿ, ಗದ್ದಲ ಬೇಡವಾದರೆ ಕೆಳಗಿನ ದಾರಿಯಲ್ಲಿ ಸ್ವಲ್ಪ ದೂರ ನಡೆದು ಕಟ್ಟೆಯ ಮೇಲೆ ಕೂರಿ. ಮರೀನ್ ಡ್ರೈವಿನಲ್ಲಿ ಕೂತು ಮಾಡುವ ಮಾತು ಮನೆಗೆ ಹಿಂದಿರುಗುವ ಗಡಿಯಾರ ನೋಡುತ್ತಾ ಮಾಡಿದ್ದು. ಇಲ್ಲಿ ಆ ಗಡಿಯಾರವಿಲ್ಲ.

ರಾತ್ರಿ ಮಾಣೆಕ್ ಚೌಕ. ಹಗಲು ಚಿನ್ನ-ಬೆಳ್ಳಿ ವ್ಯಾಪಾರ, ಅಂಗಡಿ ಮುಚ್ಚಿದ ಮೇಲೆ ಅದೇ ಚೌಕದಲ್ಲಿ ತಿಂಡಿಯ ಗಾಡಿಗಳು. ಒಂದೇ ನೆಲಕ್ಕೆ ಎರಡು ಪಾಳಿ. ಮಿಲ್ಲಿನ ಊರಲ್ಲವೇ!

ಭಾನುವಾರ

ಬೆಳಗ್ಗೆ ಎಂಟಕ್ಕೆ ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ನಗರಸಭೆಯ ಪರಂಪರೆ ನಡಿಗೆ ಹೊರಡುತ್ತದೆ. 1997ರಲ್ಲಿ ಶುರುವಾದದ್ದು. ಎರಡು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಪೋಳುಗಳ ಒಳಗೆ ಸುತ್ತಿಸಿ, 1424ರ ಜುಮ್ಮಾ ಮಸೀದಿಯ ಹತ್ತಿರ ಬಿಡುತ್ತಾರೆ. ಪೋಳು ಎಂದರೆ ಒಂದು ಹೆಬ್ಬಾಗಿಲು, ಒಳಗೆ ಇಕ್ಕಟ್ಟಾದ ಗಲ್ಲಿ, ಎರಡೂ ಕಡೆ ಮರದ ಕೆತ್ತನೆಯ ಮನೆಗಳು. ಹಳೆಯ ಊರಲ್ಲಿ ಇಂಥವು ಸುಮಾರು ಆರುನೂರು ಇವೆ. ಮನೆಯ ಅಂಗಳದ ಕೆಳಗೆ ಮಳೆನೀರಿನ ಟಾಂಕಿ, ಗಲ್ಲಿಯ ನಡುವೆ ಹಕ್ಕಿಗೆ ಕಾಳು ಹಾಕುವ ಚಬೂತರಾ. ಮನೆಗಳು ಒಂದಕ್ಕೊಂದು ಅಂಟಿರುವುದರಿಂದ ಬಿಸಿಲು ಗೋಡೆಗೆ ಬೀಳುವುದು ಕಡಿಮೆ, ಒಳಗೆ ತಂಪು. ನಮ್ಮ ಚಾಳಿನವರಿಗೆ ಈ ಗಲ್ಲಿಗಳು ತಟ್ಟನೆ ಅರ್ಥವಾಗುತ್ತವೆ. ಇಲ್ಲೂ ಪಕ್ಕದ ಮನೆಯ ಒಗ್ಗರಣೆ ಇವರ ಮನೆಗೆ ಕೇಳಿಸುತ್ತದೆ.

ಅಲ್ಲಿಂದ ನದಿ ದಂಡೆಯ ಗುಜರಿ ಬಜಾರು. ಭಾನುವಾರ ಮಾತ್ರ ನಡೆಯುವ ಹಳೆಯ ಸಾಮಾನಿನ ಸಂತೆ. ನದಿ ಯೋಜನೆಯಲ್ಲಿ ಇದೂ ಹೋಗುವುದಿತ್ತು, ವ್ಯಾಪಾರಿಗಳು ಹೋರಾಡಿ ಜಾಗ ಉಳಿಸಿಕೊಂಡರು, 2014ರಲ್ಲಿ ಹೊಸ ಕಟ್ಟೆಗಳಾದವು. ಹಿತ್ತಾಳೆ ಪಾತ್ರೆ, ಹಳೆಯ ಪುಸ್ತಕ, ಮಂಚ, ಕೋಳಿ ಎಲ್ಲ ಸಿಗುತ್ತವೆ. ಚೌಕಾಶಿ ಅಕ್ಕಂದಿರಿಗೆ ಬಿಡಿ.

ಮಧ್ಯಾಹ್ನದ ಬಿಸಿಲಿಗೆ ಅಡಾಲಜಿನ ಬಾವಿ. ಊರಿಂದ ಸುಮಾರು 18 ಕಿಲೋಮೀಟರು, ರಿಕ್ಷಾಕ್ಕೆ ಹೋಗಿ-ಬರುವ ಬಾಡಿಗೆ ಮೊದಲೇ ಮಾತಾಡಿ. ಐದು ಅಂತಸ್ತು ನೆಲದೊಳಗೆ ಇಳಿಯುವ ಮೆಟ್ಟಿಲು ಬಾವಿ ಅದು, ರಾಣಿ ರೂಡಾಬಾಯಿ ಕಟ್ಟಿಸಿದ್ದು, 1499ರ ಸುಮಾರಿನದು. ಒಂದೊಂದು ಅಂತಸ್ತು ಇಳಿದಂತೆ ಸೆಕೆ ಇಳಿಯುತ್ತದೆ.

ಸಂಜೆಗೆ ಮುಂಚೆ ಸಾಬರಮತಿ ಆಶ್ರಮ. 1917ರಿಂದ 1930ರವರೆಗೆ ಗಾಂಧೀಜಿ ಇದ್ದ ಜಾಗ. 1930ರ ಮಾರ್ಚ್ 12ರಂದು 78 ಸಂಗಡಿಗರೊಂದಿಗೆ ದಂಡಿಗೆ ಹೊರಟದ್ದು ಇಲ್ಲಿಂದಲೇ. ಹೃದಯಕುಂಜ ಎಂಬ ಮನೆಯಲ್ಲಿ ಗಾಂಧೀಜಿಯ ಕೋಣೆಯನ್ನು ಎಲ್ಲರೂ ನೋಡುತ್ತಾರೆ. ಕಸ್ತೂರಬಾ ಅವರ ಕೋಣೆಯ ಮುಂದೆ ನಿಲ್ಲುವವರು ಕಡಿಮೆ. ಅಲ್ಲೂ ಒಂದು ನಿಮಿಷ ನಿಲ್ಲಿ. ಆಶ್ರಮ ತುಂಬ ಜನ, ದಿನವಿಡೀ ಬರುವ ಹೋಗುವವರು, ತನ್ನದೆಂಬುದು ಆ ಕೋಣೆಯಷ್ಟೇ. ಆ ಅಮ್ಮನ ಸಂಸಾರ ಹೇಗಿದ್ದೀತು ಎಂದು ಒಂದೇ ಕೋಣೆಯಲ್ಲಿ ಬಾಳುವ ನಮ್ಮ ಮನೆಯ ಹೆಂಗಸರು ಯಾರೂ ಹೇಳದೆಯೇ ಊಹಿಸಬಲ್ಲರು.

ಹಣದ ಲೆಕ್ಕ

ರೂಪಾಯಿ ಲೆಕ್ಕ ಬರೆದರೆ ನಾಳೆಗೆ ಹಳೆಯದಾಗುತ್ತದೆ. ಆದ್ದರಿಂದ ನಿಮ್ಮ ಹತ್ತಿರ ಇರುವ ಹಣವನ್ನು ಹತ್ತು ಪಾಲು ಮಾಡಿ. ಎರಡು ಪಾಲು ರೈಲಿಗೆ, ನಾಲ್ಕು ಪಾಲು ರೂಮಿಗೆ, ಎರಡು ಪಾಲು ಊಟ-ತಿಂಡಿಗೆ, ಒಂದು ಪಾಲು ರಿಕ್ಷಾ-ಮೆಟ್ರೋಗೆ. ಉಳಿದ ಒಂದು ಪಾಲು ಆಪತ್ತಿಗೆ. ಆಪತ್ತು ಬಾರದಿದ್ದರೆ ಅದರಲ್ಲಿ ಮನೆಗೆ ಏನಾದರೂ ತನ್ನಿ. ಅತ್ತೆಗೊಂದು ಬಾಂಧಣಿ ಸೀರೆಯೋ, ಒಂದು ಚಾದರವೋ ತಂದರೆ ಮುಂದಿನ ವರ್ಷದ ರಜಾ ಅರ್ಜಿ ಈಗಲೇ ಮಂಜೂರಾದ ಹಾಗೆ.

ರೂಮಿಗೆ ನಾಲ್ಕು ಪಾಲು ಜಾಸ್ತಿಯಾಯಿತು ಎಂದು ಕೆಲವರು ವಾದಿಸಬಹುದು. ರೈಲಿನಲ್ಲಿ ಹವಾನಿಯಂತ್ರಿತ ಡಬ್ಬಿಯಲ್ಲಿ ಹೋಗಿ ಅಗ್ಗದ ರೂಮು ಹಿಡಿಯುವವರಿದ್ದಾರೆ. ನನ್ನ ಲೆಕ್ಕ ಅದರ ತಲೆಕೆಳಗು. ಈ ಪ್ರವಾಸದಲ್ಲಿ ಕೊಳ್ಳುತ್ತಿರುವ ಮುಖ್ಯ ಸರಕು ಆ ಮುಚ್ಚಿದ ಬಾಗಿಲೇ. ಚಿಲಕ ಸರಿಯಿರುವ, ಬಚ್ಚಲು ಶುದ್ಧವಾಗಿರುವ ಕೋಣೆಗೆ ಜಿಪುಣತನ ಮಾಡಬಾರದು. ಸ್ಲೀಪರ್ ಡಬ್ಬಿಯಲ್ಲಿ ಹೋಗಿ, ಬೀದಿಯಲ್ಲಿ ತಿನ್ನಿ, ಉಳಿಸಿದ್ದನ್ನು ರೂಮಿಗೆ ಹಾಕಿ. ಆದರೆ ಸಾಲ ಮಾಡಿ, ಕಂತು ಕಟ್ಟಿ ಹೋಗಬೇಡಿ. ಎರಡು ದಿನದ ಸಂತೋಷಕ್ಕೆ ಹನ್ನೆರಡು ತಿಂಗಳ ಕಂತು ಎಂದರೆ ಹನ್ನೆರಡು ತಿಂಗಳ ಜಗಳ. ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ಲೇಸು.

ಕೊನೆಯ ಮಾತು

ಮನೆಯಲ್ಲಿ ಕೇಳುವುದು ಹೇಗೆ ಎಂಬುದೇ ಬಹಳ ಜನರ ಕಷ್ಟ. ಕದ್ದು ಹೋಗಬೇಡಿ, ಆಫೀಸಿನ ಕೆಲಸ ಎಂದು ಸುಳ್ಳು ಹೇಳಬೇಡಿ. ಹದಿನೈದು ದಿನ ಮೊದಲೇ ಗಂಡನಾದವನು ತಾಯಿಗೆ ತಾನೇ ಹೇಳಬೇಕು, ಹೆಂಡತಿಯ ಬಾಯಿಂದ ಹೇಳಿಸಬಾರದು. ಹಿರಿಯರು ಮೊದಲು ಸುಮ್ಮನಾಗುತ್ತಾರೆ, ಆಮೇಲೆ "ಚಳಿಯಂತೆ, ಸ್ವೆಟರ್ ಇಟ್ಟುಕೊಳ್ಳಿ" ಅಂತಾರೆ. ಅವರೂ ಒಂದು ಕಾಲದಲ್ಲಿ ಅದೇ ಕೋಣೆಯಲ್ಲಿ ಹೊಸ ದಂಪತಿಗಳಾಗಿದ್ದವರೇ ತಾನೇ!

ಮಿಲ್ಲು ನಿಂತಾಗ ಅಹಮದಾಬಾದು ಮುಗಿಯಿತು ಎಂದೇ ಹಲವರು ತಿಳಿದಿದ್ದರು. ಮುಗಿಯಲಿಲ್ಲ, ಪೂರ್ತಿ ಎದ್ದೂ ಇಲ್ಲ. ಏಳುತ್ತಿರುವ ಊರನ್ನು ನೋಡುವುದಕ್ಕೆ ಬೆಟ್ಟ-ಜಲಪಾತ ನೋಡುವಾಗಿನ ಸುಖ ಇರುವುದಿಲ್ಲ, ಬೇರೊಂದು ಸಮಾಧಾನ ಇರುತ್ತದೆ. ಹೊಸ ಸಂಸಾರ ಹೂಡುವವರಿಗೆ ಅದು ಉಪಯೋಗಕ್ಕೆ ಬಂದೀತು. ಚಳಿಗಾಲ ಬರುವ ಮೊದಲು ಟಿಕೆಟು ಮಾಡಿಸಿಕೊಳ್ಳಿ.